ಸಮಾಜಸೇವೆಗೆ ಎಷ್ಟು ಗಂಟೆ ಅಂತ ಬರೀಲಿ? ಓದುಗರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮಾರ್ಕ್ಸ್ ಬಗ್ಗೆ ಕಮ್ಮಿ, ಮಕ್ಕಳ ನಡತೆ ಬಗ್ಗೆ ಜಾಸ್ತಿ ಇದೆ, ಖುಷಿ ಆಯ್ತು. ಎಲ್ಲಾ ತಗೊಳೋಕೆ ಆಗಲ್ಲ, ಐದು ಪ್ರಶ್ನೆ ಆರಿಸ್ಕೊಂಡಿದೀನಿ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಸ್ಕೂಲಲ್ಲಿ ಈ ವರ್ಷ 20 ಗಂಟೆ ಸಮಾಜಸೇವೆ ಮಾಡಿ ಫೋಟೋ ಸಮೇತ ಫೈಲ್ ಕೊಡ್ಬೇಕು ಅಂದಿದಾರೆ. ಒಂದು ಭಾನುವಾರ ವೃದ್ಧಾಶ್ರಮಕ್ಕೆ ಹೋಗಿ ಹಣ್ಣು, ಬ್ರೆಡ್ ಹಂಚಿ ಬಂದ್ವಿ. ಕಾರ್ ಹತ್ತಿದ ತಕ್ಷಣ "ಅಮ್ಮ, ಎಷ್ಟು ಗಂಟೆ ಅಂತ ಬರೀಲಿ" ಅಂತ ಕೇಳಿದ್ಲು. ಇವಳಿಗೆ ಮನಸ್ಸೇ ಇಲ್ವಾ ಅನ್ನಿಸ್ಬಿಡ್ತು. (ಬೆಂಗಳೂರು)

ಮನಸ್ಸಿದೆ ಅಮ್ಮ, ಗಾಬರಿ ಬೇಡ. ಸ್ಕೂಲು ಗಂಟೆ ಕೇಳಿದೆ, ಅವಳು ಗಂಟೆ ಎಣಿಸಿದಾಳೆ ಅಷ್ಟೇ. ಫೈಲಲ್ಲಿ "ಯಾರ ಜೊತೆ ಮಾತಾಡ್ದೆ, ಅವರ ಊರು ಯಾವ್ದು" ಅಂತ ಒಂದು ಕಾಲಂ ಇದ್ದಿದ್ರೆ ಕಾರಲ್ಲಿ ಬೇರೆ ಮಾತೇ ಬರ್ತಿತ್ತು.

1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮೂವರು ಸಂಶೋಧಕರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಚಿತ್ರ ಬಿಡಿಸೋದು ಅಂದ್ರೆ ಮೊದಲಿಂದಾನೂ ಇಷ್ಟ ಇದ್ದ ಮಕ್ಕಳಿಗೆ "ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿ ಕೊಟ್ರು. ಆಮೇಲೆ ಬಹುಮಾನದ ಮಾತೇ ಇಲ್ಲದೆ ಅದೇ ಸ್ಕೆಚ್ ಪೆನ್ನು ಮುಂದಿಟ್ರೆ ಆ ಮಕ್ಕಳು ಅದನ್ನ ಮುಟ್ಟೋದು ಕಮ್ಮಿ ಆಗಿತ್ತು, ಏನೂ ಆಸೆ ತೋರಿಸದೇ ಬಿಟ್ಟಿದ್ದ ಮಕ್ಕಳು ಮಾತ್ರ ಮೊದಲಿನ ಹಾಗೇ ಇದ್ರು. 2008ರಲ್ಲಿ ವಾರ್ನೆಕೆನ್ ಮತ್ತೆ ಟೊಮಾಸೆಲ್ಲೊ ಅನ್ನೋರು 20 ತಿಂಗಳ ಕೂಸುಗಳಲ್ಲೂ ಹೀಗೇ ಆಗೋದನ್ನ ನೋಡಿದ್ರು. ದೊಡ್ಡವರ ಕೈಯಿಂದ ಬಿದ್ದ ವಸ್ತು ಎತ್ತಿಕೊಟ್ಟಾಗ ಆಟದ ಸಾಮಾನು ಬಹುಮಾನ ಪಡೆದ ಕೂಸುಗಳು ಮುಂದಿನ ಸಲ ಸಹಾಯ ಮಾಡೋದು ಕಮ್ಮಿ ಆಯ್ತು. ಮಾತು ಕೂಡ ಸರಿಯಾಗಿ ಬಾರದ ವಯಸ್ಸಿನ ಕತೆ ಇದು, ಇನ್ನು ನಿಮ್ಮ ಮಗಳು ಎಂಟನೇ ಕ್ಲಾಸು!

ಈಗ ಆ 20 ಗಂಟೇನ ಹೇಗೆ ಉಪಯೋಗಿಸ್ಕೊಳೋದು ನೋಡೋಣ. ಹತ್ತು ಜಾಗಕ್ಕೆ ಹೋಗ್ಬೇಡಿ, ಅದೇ ವೃದ್ಧಾಶ್ರಮಕ್ಕೇ ಎರಡು ವಾರಕ್ಕೊಂದ್ಸಲ ಹೋಗಿ. ಹೋಗೋಕೆ ಮುಂಚೆ ಫೋನ್ ಮಾಡಿ ಅಲ್ಲಿ ನೋಡ್ಕೊಳೋರನ್ನ "ನಿಮಗೇನು ಬೇಕು, ಯಾವ ಹೊತ್ತಿಗೆ ಬಂದ್ರೆ ತೊಂದರೆ ಆಗಲ್ಲ" ಅಂತ ಕೇಳಿ, ಈ ಒಂದು ಪ್ರಶ್ನೆ ಕೇಳೋರೇ ಕಮ್ಮಿ. ದೀಪಾವಳಿ, ಬರ್ತ್‌ಡೇ ಅಂತ ಒಂದೇ ದಿನ ನಾಲ್ಕು ಕಡೆಯಿಂದ ಸ್ವೀಟು ಬರುತ್ತೆ, ತಿನ್ನೋರಲ್ಲಿ ಎಷ್ಟೋ ಜನಕ್ಕೆ ಶುಗರ್ರು, ಆಮೇಲೆ ಹದಿನೈದು ದಿನ ಬಾಗಿಲಲ್ಲಿ ನರಪಿಳ್ಳೆ ಇರಲ್ಲ. ಮಗಳು ಬರಿಗೈಲೇ ಹೋಗ್ಲಿ, ಒಬ್ಬರು ಅಜ್ಜಿಗೆ ಪೇಪರ್ ಓದಿ ಹೇಳ್ಲಿ, ಸೂಜಿಗೆ ದಾರ ಪೋಣಿಸಿಕೊಡ್ಲಿ, ಮೊಬೈಲಿಗೆ ಬಂದಿರೋ ಪೆನ್ಶನ್ ಮೆಸೇಜ್ ಏನು ಅಂತ ಹೇಳ್ಲಿ. ಚೌಕಾಬಾರ ಆಡೋಕೆ ಕೂತ್ರೆ ಇನ್ನೂ ಒಳ್ಳೇದು, ಅಲ್ಲಿ ಅಜ್ಜಿ ಗೆಲ್ತಾರೆ, ಇವಳು ಕಲೀತಾಳೆ, ಕೊಡೋರು ಯಾರು ತಗೊಳೋರು ಯಾರು ಅನ್ನೋದೇ ಮರ್ತೋಗುತ್ತೆ. ಮೂರನೇ ಸಲ ಹೋದಾಗ "ಯಾಕಮ್ಮ ಹೋದ ವಾರ ಬರ್ಲಿಲ್ಲ" ಅಂತ ಅಜ್ಜಿ ಕೇಳಿದ್ರೆ ಗಂಟೆ ಲೆಕ್ಕ ತಾನಾಗೇ ಬಿದ್ದೋಗುತ್ತೆ.

ಫೋಟೋ ವಿಷ್ಯ. ಬಾಳೆಹಣ್ಣು ಕೈಗಿಟ್ಟು ಕ್ಯಾಮೆರಾ ಕಡೆ ನೋಡಿ ಅನ್ನೋದು ನನಗಂತೂ ನೋಡೋಕೇ ಆಗಲ್ಲ. ಹಾಗೆ ನಿಂತಿರೋದು ನಿಮ್ಮ ತಾಯಿ ಆಗಿದ್ರೆ ಅಂತ ಒಂದ್ಸಲ ಯೋಚ್ನೆ ಮಾಡಿ. ಕ್ಲಾಸ್ ಟೀಚರ್ ಹತ್ರ ಹೋಗಿ ಫೋಟೋ ಬದ್ಲು ಅರ್ಧ ಪುಟ ಬರೆದುಕೊಟ್ರೆ ನಡೆಯುತ್ತಾ ಅಂತ ಕೇಳಿ, ಸಾಮಾನ್ಯವಾಗಿ ಬೇಡ ಅನ್ನಲ್ಲ, ಅವರಿಗೂ ಆ ಫೈಲು ನೋಡಿ ನೋಡಿ ಸಾಕಾಗಿರುತ್ತೆ.

ಇನ್ನೊಂದು, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಪಾರ್ಟ್‌ಮೆಂಟಲ್ಲಿ ದಿನಾ ಮೆಟ್ಟಿಲು ಒರೆಸೋ ಆಂಟಿ ಹೆಸರು ಮಗಳಿಗೆ ಗೊತ್ತಾ? ನಿಮಗೆ ಗೊತ್ತಾ? ಅಲ್ಲಿಂದ ಶುರು ಮಾಡಿದ್ರೂ ಆಗುತ್ತೆ, ಪೆಟ್ರೋಲೂ ಉಳಿಯುತ್ತೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ಮಕ್ಕಳಲ್ಲಿ ಶ್ರಮದ ಬಗ್ಗೆ ಗೌರವ ಬರ್ಲಿ ಅಂತ ಶನಿವಾರ ಶಾಲೆ ಆವರಣ ಸ್ವಚ್ಛ ಮಾಡಿಸಿದ್ವಿ. ಸೋಮವಾರ ನಾಲ್ಕೈದು ಪಾಲಕರು ಬಂದು "ನಮ್ಮ ಹುಡುಗ್ರ ಕೈಯಾಗ ಕಸಬರಿಗಿ ಯಾಕ ಕೊಟ್ರಿ, ಕಲಿಯಾಕ ಕಳಸೀವಿ" ಅಂತ ಜಗಳಾ ತೆಗೆದ್ರು. ತಪ್ಪು ಮಾಡಿದ್ವಾ? (ಹಾವೇರಿ ಜಿಲ್ಲೆ)

ಟೀಚರ್, ಉದ್ದೇಶ ಚೆನ್ನಾಗಿದೆ. ಆದ್ರೆ ಆ ಪಾಲಕರ ಸಿಟ್ಟು ಆ ಶನಿವಾರದ್ದಲ್ಲ, ತುಂಬಾ ಹಳೇದು. ನಮ್ಮೂರುಗಳಲ್ಲಿ ಪೊರಕೆ ಯಾರ ಕೈಗೆ ಬರ್ತಿತ್ತು ಅನ್ನೋದಕ್ಕೆ ಜಾತಿ ಲೆಕ್ಕ ಇತ್ತು, ಎಷ್ಟೋ ಕಡೆ ಈಗ್ಲೂ ಇದೆ. 2023ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೇಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಕ್ಲೀನ್ ಮಾಡಿಸಿದ ಸುದ್ದಿ ರಾಜ್ಯ ಪೂರ್ತಿ ಹಬ್ಬಿತ್ತಲ್ಲ, ಕೇಸ್ ಆಯ್ತು, ಅರೆಸ್ಟ್ ಆಯ್ತು. ಅದನ್ನ ಟಿವೀಲಿ ನೋಡಿದ ಅಪ್ಪ ಅಮ್ಮ ಮಗನ ಕೈಲಿ ಕಸಬರಿಗಿ ನೋಡಿದ್ರೆ ಓಡಿ ಬರದೆ ಏನ್ಮಾಡ್ತಾರೆ ಹೇಳಿ.

ಅದಕ್ಕೇ ಮೊದಲು ಗೆರೆ ಎಳೀರಿ. ಶೌಚಾಲಯ, ಗುಂಡಿ, ಚರಂಡಿ ಮಕ್ಕಳ ಕೆಲಸ ಅಲ್ಲವೇ ಅಲ್ಲ, ಶಿಕ್ಷೆಯಾಗಂತೂ ಕನಸಲ್ಲೂ ಬೇಡ. ಮಲ ಹೊರಿಸೋದನ್ನ 2013ರ ಕಾಯ್ದೆ ದೊಡ್ಡವರಿಗೇ ನಿಷೇಧ ಮಾಡಿದೆ, ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೊಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನೇ ಹೇಳುತ್ತೆ. ಶೌಚಾಲಯಕ್ಕೆ ಯಾರನ್ನ ಇಡೋದು, ದುಡ್ಡು ಎಲ್ಲಿಂದ ಅನ್ನೋದನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಮಾತಾಡಿ ನಡಾವಳೀಲಿ ಬರೆಸಿ, ಪಂಚಾಯ್ತಿಗೂ ಒಂದು ಅರ್ಜಿ ಕೊಡಿ.

ಉಳಿದದ್ದು, ಅಂದ್ರೆ ತಮ್ಮ ಕ್ಲಾಸ್‌ರೂಮು, ತಾವು ಉಂಡ ಜಾಗ, ಕೈತೋಟ, ಇದು ಖಂಡಿತ ಮಕ್ಕಳು ಮಾಡ್ಬಹುದು. ಆದ್ರೆ ಯಾರು ಮಾಡ್ತಾರೆ ಅನ್ನೋದ್ರಲ್ಲೇ ಪಾಠ ಇರೋದು. ಕಳೆದ ತಿಂಗಳು ಕಸ ಹೊಡೆದೋರ ಹೆಸರು ನೆನಪಿಸ್ಕೊಂಡು ಒಂದು ಹಾಳೇಲಿ ಬರೀರಿ. ಬರೀ ಹೆಣ್ಮಕ್ಕಳ ಹೆಸರೇ ಇದೆಯಾ? ಒಂದೇ ಓಣಿ ಮಕ್ಕಳ ಹೆಸರು ಪದೇ ಪದೇ ಬರ್ತಿದೆಯಾ? ಹುಡುಗ್ರು ಬೆಲ್ ಹೊಡೆಯೋದು, ಮೈಕ್ ಹಿಡಿಯೋದು, ಸರ್ ಬೈಕ್ ಒರೆಸೋದು (ಅದೂ ನಿಲ್ಲಬೇಕು!) ಇಷ್ಟಕ್ಕೇ ಇದಾರಾ? ಹಾಗಿದ್ರೆ ಚೀಟಿ ಎತ್ತಿಸಿ ಪಾಳಿ ಮಾಡಿ, ಪಟ್ಟಿ ಗೋಡೆಗೆ ಅಂಟಿಸಿ, ಅದರಲ್ಲಿ ಹೆಡ್ ಮಾಸ್ತರ ಹೆಸರೂ ಇರ್ಲಿ, ನಿಮ್ಮದೂ ಇರ್ಲಿ. ಹೆಡ್ ಮಾಸ್ತರು ಮಂಗಳವಾರ ತಮ್ಮ ಪಾಳಿ ಬಂದಾಗ ಬಗ್ಗಿ ಕಸ ಗುಡಿಸಿದ್ರೆ ಪಾಲಕರ ಜಗಳ ಅರ್ಧ ಅಲ್ಲೇ ಮುಗೀತು, ಶ್ರಮದ ಗೌರವ ಅಂತ ನೀವು ಬೇರೆ ಭಾಷಣ ಮಾಡೋದೇ ಬೇಡ.

ಬಿಸಿಯೂಟದ ಹೊತ್ತು ಇನ್ನೂ ಒಳ್ಳೇ ಅವಕಾಶ. ಒಂದನೇ ಕ್ಲಾಸಿನ ಚಿಕ್ಕೋರಿಗೆ ಕೈ ತೊಳೆಸಿ ಸಾಲಲ್ಲಿ ಕೂರಿಸೋದು ಏಳನೇ ಕ್ಲಾಸಿನೋರ ಜವಾಬ್ದಾರಿ ಆಗ್ಲಿ, ಒಬ್ಬರಿಗೆ ಇಬ್ಬರು ಅಂತ ವರ್ಷಪೂರ್ತಿ ಅದೇ ಜೋಡಿ. ಯಾರ ತಟ್ಟೆ ಪಕ್ಕ ಯಾರು ಕೂರ್ತಾರೆ ಅನ್ನೋದನ್ನೂ ಸುಮ್ನೆ ಗಮನಿಸ್ತಿರಿ. ತಟ್ಟೆ ತೊಳೆದ ನೀರು ಎಲ್ಲಿ ಹೋಗುತ್ತೆ ಅಂತ ಮಕ್ಕಳನ್ನೇ ಕೇಳಿ, ಒಂದು ಕಾಲುವೆ ತೋಡಿ ನುಗ್ಗೆ, ಬಾಳೆ, ಕರಿಬೇವಿಗೆ ಬಿಟ್ರೆ ಆ ಸೊಪ್ಪು ಮತ್ತೆ ಸಾಂಬಾರಿಗೇ ಬರುತ್ತೆ, ಅಡುಗೆ ಅಮ್ಮಂಗೂ ಖುಷಿ.

ಸೇವೆಗೆ ನಿಮ್ಮ ಭಾಗದಲ್ಲಿ ಒಳ್ಳೇ ಪರಂಪರೆನೇ ಇದೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಸೇವಾದಳದ ಹೆಸರಲ್ಲಿ ಈಗ್ಲೂ ಶಾಲೆಗಳಲ್ಲಿ ಭಾರತ ಸೇವಾದಳದ ಶಾಖೆಗಳಿವೆ, ಸ್ಕೌಟ್ಸ್ ಗೈಡ್ಸ್ ಇದೆ. ಆದ್ರೆ ಎಷ್ಟೋ ಕಡೆ ಅದು ಆಗಸ್ಟ್ 15ಕ್ಕೆ ಪರೇಡ್ ಮಾಡೋಕೆ, ಗಣ್ಯರು ಬಂದಾಗ ಸ್ವಾಗತಕ್ಕೆ ನಿಲ್ಲಿಸೋಕೆ ಅಷ್ಟೇ ಆಗಿದೆ. ನನ್ನ ಕೇಳಿದ್ರೆ ನಿಮಗೆ ಎಲ್ಲಕ್ಕಿಂತ ಒಳ್ಳೇ ಸಾಧನ ಮಕ್ಕಳ ಗ್ರಾಮಸಭೆ. ನವೆಂಬರ್ 14ರ ಆಸುಪಾಸಿಂದ ಪಂಚಾಯ್ತಿಗಳಲ್ಲಿ ಅದು ನಡೆಯುತ್ತಲ್ಲ, ಅದಕ್ಕೆ ಒಂದು ತಿಂಗಳು ಮುಂಚೆ ಮಕ್ಕಳನ್ನ ಗುಂಪು ಮಾಡಿ ಊರೊಳಗೆ ಕಳಿಸಿ. ಯಾವ ಕಂಬದಲ್ಲಿ ಲೈಟಿಲ್ಲ, ಯಾವ ನಲ್ಲಿ ಸೋರುತ್ತೆ, ಅಂಗನವಾಡಿ ಮುಂದೆ ನೀರು ನಿಲ್ಲುತ್ತಾ, ವೀಲ್‌ಚೇರಿನ ಹುಡುಗಿ ಶಾಲೆ ಒಳಗೆ ಬರೋಕೆ ರ‍್ಯಾಂಪ್ ಇದೆಯಾ, ಎಲ್ಲಾ ಬರ್ಕೊಂಡು ಬರ್ಲಿ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ಎದ್ದು ನಿಂತು ಮಕ್ಕಳೇ ಓದ್ಲಿ. ಮುಂದಿನ ವರ್ಷ ಅದೇ ಪಟ್ಟಿ ಹಿಡ್ಕೊಂಡು "ಇದರಲ್ಲಿ ಏನೇನಾಯ್ತು ಸರ್" ಅಂತ ಕೇಳ್ಲಿ. ಬೇರೆಯವರ ಕಷ್ಟ ಕಣ್ಣಿಗೆ ಬೀಳೋದು ಹೀಗೆ ಓಣಿ ಓಣಿ ಸುತ್ತಿದಾಗ.

ಪ್ರಶ್ನೆ: ನಮ್ಮ ಖಾಸಗಿ ಶಾಲೇಲಿ "ತಿಂಗಳ ಕರುಣಾಮಯಿ ವಿದ್ಯಾರ್ಥಿ" ಅಂತ ಬ್ಯಾಡ್ಜ್ ಕೊಡೋಣ ಅಂತಿದೀವಿ. ನಿಮ್ಮ ಸಲಹೆ? (ಮೈಸೂರು, ಆಡಳಿತ ಮಂಡಳಿ)

ಬೇಡ. ಎರಡನೇ ತಿಂಗಳಿಗೇ ಮಕ್ಕಳು ಟೀಚರ್ ಇರೋ ಕಡೆ ಮಾತ್ರ ಕರುಣೆ ತೋರಿಸ್ತಾರೆ, ಪೋಷಕರು "ನಮ್ ಮಗಂಗ್ಯಾಕೆ ಸಿಗ್ಲಿಲ್ಲ" ಅಂತ ವಾಟ್ಸಾಪ್ ಗ್ರೂಪಲ್ಲಿ ಶುರು ಮಾಡ್ತಾರೆ.

ಬ್ಯಾಡ್ಜಿನ ದುಡ್ಡು ಉಳಿಸಿ ಟೈಮ್‌ಟೇಬಲ್ ನೋಡಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗೋಕೆ ಓದ್ತಿದ್ದ ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತೆ ಬ್ಯಾಟ್ಸನ್ ಮಾಡಿದ ಪ್ರಯೋಗ 1973ರಲ್ಲಿ ಪ್ರಕಟ ಆಯ್ತು. ಅವರನ್ನ ಇನ್ನೊಂದು ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದ್ರು, ಕೆಲವರ ವಿಷಯ ದಾರೀಲಿ ಬಿದ್ದಿದ್ದ ಪರದೇಸಿಗೆ ನೆರವಾದ ಬೈಬಲ್ ಕತೆನೇ! ಹೋಗೋ ದಾರೀಲಿ ಒಬ್ಬ ಮನುಷ್ಯ ಕೆಮ್ತಾ ನರಳ್ತಾ ಕುಸಿದು ಕೂತಿದ್ದ, ಅದು ಬೇಕಂತಲೇ ಇಟ್ಟ ನಾಟಕ. ಟೈಮಿದೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಜನ ಏನಾದ್ರೂ ಸಹಾಯ ಮಾಡಿದ್ರು, ಲೇಟಾಯ್ತು ಓಡಿ ಅಂದವರಲ್ಲಿ 10 ಜನ ಮಾತ್ರ. ಭಾಷಣದ ವಿಷಯ ಯಾವ್ದು ಅನ್ನೋದ್ರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಬರ್ಲಿಲ್ಲ.

ನಿಮ್ಮ ಶಾಲೇಲಿ ಒಂದು ಪೀರಿಯಡ್ ಮುಗಿದು ಇನ್ನೊಂದಕ್ಕೆ ಮಹಡಿ ಹತ್ತೋಕೆ ಎಷ್ಟು ನಿಮಿಷ ಇದೆ? ಲೇಟಾದ್ರೆ ಹೊರಗೆ ನಿಲ್ಲಿಸ್ತೀರಾ? ಹಾಗಿದ್ರೆ ಮೆಟ್ಟಿಲಲ್ಲಿ ಬಿದ್ದ ಗೆಳೆಯನ ಬುಕ್ಸ್ ಎತ್ತಿಕೊಟ್ಟ ಹುಡುಗಂಗೆ ಶಿಕ್ಷೆ, ದಾಟ್ಕೊಂಡು ಓಡಿದವನಿಗೆ ಶಹಬ್ಬಾಸ್. ಐದು ನಿಮಿಷ ಬಿಡುವು ಕೊಡಿ, ನೀತಿಪಾಠದ ಒಂದು ಪೀರಿಯಡ್ ಕಟ್ ಆದ್ರೂ ನಷ್ಟ ಇಲ್ಲ. ಹೊಗಳ್ಬೇಕು ಅನ್ಸಿದ್ರೆ ಆ ಮಗುನ ಪಕ್ಕಕ್ಕೆ ಕರೆದು "ಹೊಸದಾಗಿ ಬಂದವಳಿಗೆ ಬಸ್ ತೋರಿಸಿದ್ಯಲ್ಲ, ಅವಳು ಅಳೋದು ನಿಲ್ಸಿದ್ಲು" ಅಂತ ನಡೆದಿದ್ದನ್ನ ಹೇಳಿ, ಅಸೆಂಬ್ಲಿ ಮೈಕ್ ಬೇಡ.

ಪ್ರಶ್ನೆ: ಮಗ ಆರನೇ ಕ್ಲಾಸು, ತುಂಬಾ ಸಾಧು. ಟಿಫಿನ್, ಪೆನ್ನು, ಹೋಂವರ್ಕ್ ಎಲ್ಲಾ ಕೊಟ್ಬಿಡ್ತಾನೆ. ನಮ್ಮೆಜಮಾನ್ರು "ದಡ್ಡ, ಊರೋರೆಲ್ಲಾ ತಲೆ ಸವರ್ತಾರೆ" ಅಂತ ಬೈತಾರೆ. ಒಳ್ಳೇತನ ಕಲಿಸಿದ್ದೇ ತಪ್ಪಾಯ್ತಾ? (ಶಿವಮೊಗ್ಗ)

ಮೊದಲು ಪತ್ತೆ ಮಾಡ್ಬೇಕಾದ್ದು ಅವನು ಕೊಡ್ತಿದಾನಾ, ಅವನ ಹತ್ರ ಕಿತ್ಕೋತಿದಾರಾ ಅಂತ. ಎದುರಾ ಬದುರಾ ಕೂರಿಸ್ಕೊಂಡು ಕೇಳಿದ್ರೆ ಹೇಳಲ್ಲ. ಗಾಡೀಲಿ ಹಿಂದೆ ಕೂತಾಗಲೋ, ಅವರೆಕಾಯಿ ಬಿಡಿಸ್ತಾ ಇರುವಾಗಲೋ "ಇವತ್ತು ಟಿಫಿನ್ ಯಾರ‍್ಯಾರು ತಿಂದ್ರಪ್ಪ" ಅಂತ ಸುಮ್ನೆ ಕೇಳಿ. ಕೊಟ್ಟಿದ್ದನ್ನ ಹೇಳುವಾಗ ಮುಖ ಅರಳಿದ್ರೆ ಚಿಂತೆ ಇಲ್ಲ, ಇನ್ನೆರಡು ಚಪಾತಿ ಜಾಸ್ತಿ ಹಾಕಿ. ಮಾತು ತಪ್ಪಿಸ್ತಾನೆ, ಭಾನುವಾರ ರಾತ್ರಿ ಹೊಟ್ಟೆನೋವು ಅಂತಾನೆ, ಒಬ್ಬನೇ ಹುಡುಗನ ಹೆಸರು ಮತ್ತೆ ಮತ್ತೆ ಬರುತ್ತೆ ಅಂದ್ರೆ ಅದು ಬೆದರಿಕೆ. ತಡ ಮಾಡ್ದೆ ಕ್ಲಾಸ್ ಟೀಚರನ್ನ ಭೇಟಿ ಮಾಡಿ, ಬರವಣಿಗೇಲಿ ಕೊಡಿ, ಯಾರೂ ಕಿವಿಗೆ ಹಾಕ್ಕೊಳ್ದಿದ್ರೆ ಮಕ್ಕಳ ಸಹಾಯವಾಣಿ 1098 ಇದೆ.

ಬೆದರಿಕೆ ಏನಿಲ್ಲ ಅಂದ್ರೆ ಅವನಿಗೆ ಬೇಕಿರೋದು ಒಂದೆರಡು ಸಿದ್ಧ ಮಾತು. "ಹೋಂವರ್ಕ್ ಕೊಡಲ್ಲ, ಬಾ ಕೂತ್ಕೋ ಹೇಳ್ಕೊಡ್ತೀನಿ." "ಇವತ್ತು ನಂಗೂ ಹಸಿವು, ಅರ್ಧ ತಗೋ." ಮನೇಲಿ ನೀವೇ ಆ ಸ್ನೇಹಿತನ ಪಾರ್ಟ್ ಮಾಡಿ, ಅವನು ಹೇಳಿ ಅಭ್ಯಾಸ ಮಾಡ್ಲಿ, ನಗ್ತಾ ನಗ್ತಾ ಬಾಯಿಗೆ ಬರುತ್ತೆ. ಯಜಮಾನ್ರಿಗೆ ಒಂದೇ ಮಾತು: ಸಾರ್, ದಡ್ಡ ಅನ್ನೋ ಪದ ಬಿಡಿ, ಅದನ್ನ ಮಗ ಕ್ಲಾಸಿನೋರಿಂದ ಕಲೀತಿಲ್ಲ.

ಪ್ರಶ್ನೆ: ಫಸ್ಟ್ ಪಿಯು ಸೈನ್ಸ್. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರ್ಬೇಕು ಅಂತಿದೀನಿ, ಆದ್ರೆ ನಿಜ ಹೇಳ್ಬೇಕಂದ್ರೆ ಸರ್ಟಿಫಿಕೇಟಿಗೋಸ್ಕರ. ತಪ್ಪಾ? ಓದಿಗೆ ತೊಂದರೆ ಆಗುತ್ತಾ? (ತುಮಕೂರು)

ತಪ್ಪೇನಿಲ್ಲ, ಸೇರ್ಕೊಳಪ್ಪ. ಮೇಲೆ ಸರ್ಟಿಫಿಕೇಟಿಗೆ ಬೈದು ಇಲ್ಲಿ ಸೈ ಅಂತೀರಲ್ಲ ಅಂತ ಕೇಳ್ಬಹುದು. ಎಂಟನೇ ಕ್ಲಾಸಿನ ಆ ಹುಡುಗಿ ಫೈಲಿಗೆ ಬೇಕಿದ್ದಿದ್ದು ಬರೀ 20 ಗಂಟೆ, ಇಲ್ಲಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ಕ್ಯಾಂಪ್. ಏಳು ದಿನ ಒಂದು ಹಳ್ಳೀಲಿ ನೆಲದ ಮೇಲೆ ಮಲಗಿ, ಅಲ್ಲಿನೋರ ಜೊತೆ ಗುದ್ದಲಿ ಹಿಡಿದು, ರಾತ್ರಿ ಪಾತ್ರೆ ತೊಳೆದು ಬರೋದು ಅಂದ್ರೆ ಯಾವ ಉದ್ದೇಶದಿಂದ ಹೋಗಿದ್ರೂ ಏನೋ ಒಂದು ಅಂಟ್ಕೊಳ್ಳುತ್ತೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ ಶುರುವಾದ ಯೋಜನೆ ಇದು, ನಿಮ್ಮ ಲೆಕ್ಚರರ್ಸಲ್ಲೇ ಹಳೇ ಸ್ವಯಂಸೇವಕರು ಸಿಗ್ತಾರೆ, ಅವರನ್ನೂ ಮಾತಾಡ್ಸು. ಓದಿನ ಬಗ್ಗೆ ಅಂದ್ರೆ, ಕ್ಯಾಂಪ್ ಯಾವ ತಿಂಗಳು ಅಂತ ಕಾರ್ಯಕ್ರಮಾಧಿಕಾರಿ ಹತ್ರ ಮೊದಲೇ ಕೇಳ್ಕೋ, ಪರೀಕ್ಷೆ ಪಕ್ಕದಲ್ಲೇ ಬರೋ ಹಾಗಿದ್ರೆ ಮಾತ್ರ ಯೋಚ್ನೆ ಮಾಡು. ಹೋಗುವಾಗ ಟಾರ್ಚು, ಸೊಳ್ಳೆಬತ್ತಿ ಮರೀಬೇಡ.