ನೃತ್ಯ ಕುರಿತು ಓದುಗರ ಪ್ರಶ್ನೆಗಳು: ಕ್ರೈಸ್ತ ಬ್ಯಾಲೆ ತಂಡದ ಆಡಿಷನ್‌ಗೆ ಹೊರಡುವ ಮುನ್ನ

ಪ್ರಶ್ನೆ: ನಮಸ್ಕಾರ ಟೀಚರ್. ನನ್ನ ಮಗಳಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಏಳು ವರ್ಷ ಭರತನಾಟ್ಯ ಕಲಿತ ಮೇಲೆ ಈಗ ಮೂರು ವರ್ಷಗಳಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಬ್ಯಾಲೆಯ ಮೂಲಕ ಸುವಾರ್ತೆ ಸಾರುವ ತಂಡಗಳು ಅಮೆರಿಕದಲ್ಲಿವೆ, ಅವುಗಳ ತರಬೇತಿಗೆ ಆಡಿಷನ್ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. "ಅವರಿಗೆ ಬೇಕಾದದ್ದು ಭಕ್ತಿ, ಅದು ಇದ್ದರೆ ಸಾಕು" ಎನ್ನುತ್ತಾರೆ ಅವಳ ಅಪ್ಪ. ನನಗೆ ಧೈರ್ಯ ಬರುತ್ತಿಲ್ಲ. ಅವರು ನಿಜವಾಗಿ ಏನನ್ನು ನೋಡುತ್ತಾರೆ? ನಾವು ಹೇಗೆ ಸಿದ್ಧರಾಗಬೇಕು?
— ಓರ್ವ ತಾಯಿ, ಕುಲಶೇಖರ, ಮಂಗಳೂರು

ಉತ್ತರ: ನಿಮ್ಮ ಯಜಮಾನರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದೇ ಅಭಿಪ್ರಾಯವನ್ನು ನಮ್ಮ ಊರಿನ ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಭಕ್ತಿ ಬೇಕು, ಆದರೆ ಅದು ಸಾಲುವುದಿಲ್ಲ. ಇಂಥ ತಂಡಗಳಲ್ಲಿ ಹೆಚ್ಚು ಹೆಸರಾದ ಬ್ಯಾಲೆ ಮ್ಯಾಗ್ನಿಫಿಕಾಟ್ ಅನ್ನು 1986ರಲ್ಲಿ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಆರಂಭಿಸಿದ ಕ್ಯಾಥಿ ತಿಬೊಡೊ, ಅದಕ್ಕೆ ನಾಲ್ಕು ವರ್ಷ ಮೊದಲು, 1982ರಲ್ಲಿ, ಅದೇ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಬ್ಯಾಲೆ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದಿದ್ದವರು. ಅಷ್ಟು ಪಳಗಿದ ಕಾಲುಗಳುಳ್ಳವರು ಕಟ್ಟಿದ ತಂಡವು ಪ್ರಾರ್ಥನೆ ಚೆನ್ನಾಗಿ ಮಾಡುತ್ತಾಳೆಂಬ ಒಂದೇ ಕಾರಣಕ್ಕೆ ಯಾರನ್ನೂ ವೇದಿಕೆಗೆ ಹತ್ತಿಸುವುದಿಲ್ಲ. ಷಿಕಾಗೊದಲ್ಲಿ 2012ರಲ್ಲಿ ಆರಂಭವಾದ ಬ್ಯಾಲೆ 5:8 ಎಂಬ ತಂಡವೂ ವೃತ್ತಿಪರ ಬ್ಯಾಲೆಯದ್ದೇ. ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ ಎಂಟನೆಯ ವಚನದಿಂದ ಅದು ತನ್ನ ಹೆಸರನ್ನು ಪಡೆದಿದೆ. ಬ್ಯಾಲೆಯ ಮಟ್ಟದಲ್ಲಿ ರಿಯಾಯಿತಿ ದೊರೆಯುತ್ತದೆಂದು ಎಣಿಸಿ ಹೋಗುವ ಮಗು ಮೊದಲ ದಿನವೇ ಕುಗ್ಗಿಹೋಗುತ್ತದೆ.

ಆಡಿಷನ್ ಎಂದರೆ ನಮ್ಮ ರಂಗಪ್ರವೇಶದಂತೆ ಸಿದ್ಧಪಡಿಸಿದ ಕಾರ್ಯಕ್ರಮವನ್ನು ತೋರಿಸುವುದಲ್ಲ. ಸಾಮಾನ್ಯವಾಗಿ ಅದು ಒಂದು ಪೂರ್ಣ ತರಗತಿ. ಎದೆಗೆ ಸಂಖ್ಯೆಯ ಚೀಟಿ ಚುಚ್ಚಿಕೊಂಡು, ಮೊದಲು ಬಾರ್ ಎಂಬ ಅಡ್ಡಗೋಲನ್ನು ಹಿಡಿದು ಪ್ಲಿಯೆ (ಮೊಣಕಾಲು ಮಡಿಸುವುದು), ತಾಂದ್ಯು (ಪಾದವನ್ನು ನೆಲಕ್ಕೆ ತಾಗಿಸಿಯೇ ಕಾಲು ಚಾಚುವುದು) ಇವುಗಳಿಂದ ಆರಂಭಿಸಿ, ನಂತರ ಕೋಣೆಯ ನಡುವೆ ನಿಧಾನಗತಿಯ ಚಲನೆ, ತಿರುವುಗಳು, ಸಣ್ಣ ಮತ್ತು ದೊಡ್ಡ ಜಿಗಿತಗಳು, ಕೊನೆಗೆ ಹೆಣ್ಣುಮಕ್ಕಳಿಗೆ ಪಾಯಿಂಟ್ ಶೂ (ಕಾಲ್ಬೆರಳ ತುದಿಯಲ್ಲಿ ನಿಲ್ಲಲು ನೆರವಾಗುವ ಗಟ್ಟಿ ತುದಿಯ ಶೂ) ಹಾಕಿ ಮಾಡುವ ಭಾಗ. ಶಿಕ್ಷಕಿ ಒಂದು ಜೋಡಣೆಯನ್ನು ಒಮ್ಮೆ ತೋರಿಸುತ್ತಾರೆ, ಎರಡನೆಯ ಸಲ ಮಾಡಬೇಕಾದವರು ವಿದ್ಯಾರ್ಥಿಗಳು. ಒಂದು ತಿದ್ದುಪಡಿಯನ್ನು ಹೇಳಿದರೆ ಮುಂದಿನ ಸುತ್ತಿನಲ್ಲಿ ಅದು ದೇಹದಲ್ಲಿ ಕಾಣಿಸಿತೇ ಎಂಬುದನ್ನು ಅವರು ಗಮನಿಸುತ್ತಾರೆ, ಮತ್ತು ನನ್ನ ಅನುಭವದಲ್ಲಿ ತರಬೇತಿ ವಿಭಾಗಕ್ಕೆ ಆರಿಸುವಾಗ ಈ ಒಂದು ಗುಣವು ಎತ್ತರದ ಕಾಲಿಗಿಂತ ಹೆಚ್ಚು ತೂಗುತ್ತದೆ. ಪಕ್ಕದವಳು ತಪ್ಪಿದಾಗ ನಿಮ್ಮ ಮಗಳ ಮುಖ ಹೇಗಿರುತ್ತದೆ ಎಂಬುದನ್ನೂ ಅವರು ನೋಡುತ್ತಾರೆ, ಏಕೆಂದರೆ ಮುಂದೆ ಊರೂರು ಸುತ್ತುವ ತಂಡದಲ್ಲಿ ತಿಂಗಳುಗಟ್ಟಲೆ ಒಂದೇ ವಾಹನದಲ್ಲಿ, ಒಂದೇ ಕೋಣೆಯಲ್ಲಿ ಬದುಕಬೇಕಾಗುತ್ತದೆ.

ಇಲ್ಲಿಂದ ಆಡಿಷನ್ ಕೊಡುವವರಿಗೆ ವಿಡಿಯೊ ದಾರಿಯೇ ಸುಲಭ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸೊಂಟದ ಎತ್ತರದಲ್ಲಿಡಿ. ತಲೆಯಿಂದ ಕಾಲಿನ ತುದಿಯವರೆಗೂ ಎಲ್ಲ ಕ್ಷಣದಲ್ಲೂ ಕಾಣಿಸಬೇಕು. ಹಿಂದಿನ ಗೋಡೆ ಖಾಲಿಯಾಗಿರಲಿ, ಮೈಗೆ ಅಂಟುವ ಲಿಯೊಟಾರ್ಡ್ ಮತ್ತು ಟೈಟ್ಸ್ ಇರಲಿ, ಸಡಿಲವಾದ ಚೂಡಿದಾರದ ಪ್ಯಾಂಟ್ ಬೇಡ. ದೇಹದ ಆಕಾರ ಕಾಣುವ ಉಡುಪೆಂದು ಮನೆಯಲ್ಲಿ ಮುಜುಗರವಾಗುವುದು ಸಹಜ, ಆದರೆ ಮೊಣಕಾಲು ಎತ್ತ ತಿರುಗಿದೆಯೆಂದು ತಿಳಿಯದಿದ್ದರೆ ಪರೀಕ್ಷಕರು ಏನನ್ನೂ ಹೇಳಲಾರರು. ನಡುನಡುವೆ ಕತ್ತರಿಸಿ ಜೋಡಿಸಿದ ವಿಡಿಯೊವನ್ನು ಕಳುಹಿಸಬೇಡಿ. ಒಂದು ಸಣ್ಣ ತಪ್ಪು ಇರುವ ಅಖಂಡ ತುಣುಕನ್ನು ಅವರು ಹೆಚ್ಚು ನಂಬುತ್ತಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ಭರತನಾಟ್ಯದಿಂದ ಬಂದ ಹುಡುಗಿಯರಲ್ಲಿ ಅರಮಂಡಿ (ಮೊಣಕಾಲು ಮಡಿಸಿ ಅರ್ಧ ಕೂರುವ ಭಂಗಿ) ಗಟ್ಟಿಯಾಗಿರುತ್ತದೆ, ತಾಳಜ್ಞಾನ ಖಚಿತವಾಗಿರುತ್ತದೆ, ಮುಖದಲ್ಲಿ ಭಾವವಿರುತ್ತದೆ. ಇವು ದೊಡ್ಡ ಆಸ್ತಿ. ಆದರೆ ಅರಮಂಡಿಯಲ್ಲಿ ತೂಕ ನೆಲಕ್ಕಿಳಿಯುತ್ತದೆ, ಹಿಮ್ಮಡಿ ನೆಲವನ್ನು ತಟ್ಟುತ್ತದೆ. ಬ್ಯಾಲೆಯಲ್ಲಿ ಅದೇ ರೀತಿ ಮೊಣಕಾಲು ಮಡಿಸಿದರೂ ಸೊಂಟದ ಮೇಲಿನ ಭಾಗವು ಮೇಲಕ್ಕೆ ಎಳೆದುಕೊಂಡೇ ಇರಬೇಕು. ಪಾದಗಳನ್ನು ಹೊರಕ್ಕೆ ತಿರುಗಿಸುವ ಚಲನೆಯು ಸೊಂಟದ ಕೀಲಿನಿಂದಲೇ ಹುಟ್ಟಬೇಕು. ಪಾದಗಳನ್ನು ಮೊದಲು ಅಗಲಕ್ಕೆ ತಿರುಗಿಸಿಟ್ಟು ಮೊಣಕಾಲನ್ನು ಅದರ ಹಿಂದೆ ಎಳೆದರೆ, ಕನ್ನಡಿಯಲ್ಲಿ ಚೆನ್ನಾಗಿ ಕಂಡರೂ ಮೊಣಕಾಲಿನ ಒಳಬದಿಯ ಮೇಲೆ ಬೇಡದ ಹೊರೆ ಬೀಳುತ್ತದೆ. ಮಗಳನ್ನು ಪ್ಲಿಯೆಯಲ್ಲಿ ಕೂರಿಸಿ ನೀವೇ ಮೇಲಿನಿಂದ ನೋಡಿ: ಮೊಣಕಾಲ ಚಿಪ್ಪು ಪಾದದ ಎರಡನೆಯ ಬೆರಳಿನ ನೇರಕ್ಕಿದ್ದರೆ ಸರಿ, ಅದು ಹೆಬ್ಬೆರಳಿಗಿಂತ ಒಳಕ್ಕೆ ಜಾರಿದ್ದರೆ ಪಾದಗಳನ್ನು ಅಷ್ಟು ಹೊರಳಿಸುವುದನ್ನು ಇಂದೇ ಕಡಿಮೆ ಮಾಡಲಿ. ಮೂರು ವರ್ಷದ ಬ್ಯಾಲೆ ಎಂದಿರಿ. ಅದರಲ್ಲಿ ಪಾಯಿಂಟ್ ಶೂ ಎಷ್ಟು ಕಾಲದಿಂದ ಹಾಕುತ್ತಿದ್ದಾಳೆಂದು ತಿಳಿಸಿಲ್ಲ. ಒಂದು ವರ್ಷವೂ ಆಗಿಲ್ಲದಿದ್ದರೆ ಈ ವರ್ಷ ತಂಡಕ್ಕೆ ಅಲ್ಲ, ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. ಆ ಶಿಬಿರಗಳಲ್ಲಿ ಕೆಲವು ವಾರ ಅವರ ಶಿಕ್ಷಕರೇ ಕಲಿಸುತ್ತಾರೆ, ಅವರಿಗೂ ಇವಳ ಪರಿಚಯವಾಗುತ್ತದೆ.

ನೆಲದ ವಿಷಯವನ್ನು ಹೇಳದೆ ಮುಂದಕ್ಕೆ ಹೋಗಲಾರೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಚರ್ಚ್ ಸಭಾಂಗಣವೊಂದರ ಮೊಸಾಯಿಕ್ ನೆಲದ ಮೇಲೆ ಒಂದು ಕ್ರಿಸ್‌ಮಸ್ ಕಾರ್ಯಕ್ರಮಕ್ಕಾಗಿ ಎರಡು ತಿಂಗಳು ಜಿಗಿದೆ. ಮೊಣಕಾಲಿನ ಕೆಳಗಿನ ಉದ್ದ ಮೂಳೆಯ ಒಳಅಂಚಿನಲ್ಲಿ ಬೆರಳಿಟ್ಟರೆ ಕಣ್ಣೀರು ಬರುವಷ್ಟು ನೋವು ಬಂತು, ಕೊನೆಗೆ ಆರು ವಾರ ನೃತ್ಯವನ್ನೇ ಬಿಡಬೇಕಾಯಿತು. ಬ್ಯಾಲೆಗೆ ಅಡಿಯಲ್ಲಿ ಗಾಳಿ ಇರುವ, ಸ್ವಲ್ಪ ಬಾಗುವ ಮರದ ನೆಲ ಬೇಕು. ನಮ್ಮ ಮನೆಗಳಲ್ಲಿ ಅದು ಸಿಗದು, ಆದ್ದರಿಂದ ದಪ್ಪನೆಯ ಫೋಮ್ ಚಾಪೆಗಳ ಮೇಲೆ ಮರೈನ್ ಪ್ಲೈವುಡ್ ಹಲಗೆಗಳನ್ನು ಅಲುಗಾಡದಂತೆ ಜೋಡಿಸಿ, ಮೇಲೆ ಜಾರದ ವಿನೈಲ್ ಹಾಸಿಕೊಡಿ. ಬರೀ ಟೈಲ್ಸ್ ಮೇಲೆ ಬಾರ್ ಅಭ್ಯಾಸ ಮಾಡಲಿ, ಜಿಗಿತ ಬೇಡ.

ಇನ್ನೊಂದು ಸಣ್ಣ ಮಾತು, ಕರಾವಳಿಯವರಿಗಷ್ಟೇ ಸಂಬಂಧಿಸಿದ್ದು. ಪಾಯಿಂಟ್ ಶೂವಿನ ತುದಿಯ ಪೆಟ್ಟಿಗೆಯನ್ನು ಬಟ್ಟೆ, ಕಾಗದ ಮತ್ತು ಅಂಟಿನ ಪದರಗಳಿಂದ ಮಾಡಿರುತ್ತಾರೆ. ಆಷಾಢದ ಮಳೆಯಲ್ಲಿ ಬೆವರಿದ ಶೂವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಸ್ಕೂಟರಿನಲ್ಲಿ ಮನೆಗೆ ತಂದರೆ ಅಂಟು ಮೆತ್ತಗಾಗಿ ಎರಡೇ ವಾರದಲ್ಲಿ ಪೆಟ್ಟಿಗೆ ಕುಸಿಯುತ್ತದೆ. ಎರಡು ಜೊತೆಗಳನ್ನು ಸರದಿಯಲ್ಲಿ ಬಳಸಲಿ. ಒಂದನ್ನು ಹಾಕಿದಾಗ ಇನ್ನೊಂದು ಫ್ಯಾನಿನ ಗಾಳಿಗೆ ಒಣಗಲಿ. ರಿಬ್ಬನ್ ಮತ್ತು ಇಲಾಸ್ಟಿಕ್ ಅನ್ನು ಅವಳೇ ಹೊಲಿದುಕೊಳ್ಳುವ ಅಭ್ಯಾಸವಾಗಲಿ. ಹಲ್ಲುಗಳ ನಡುವೆ ಉಜ್ಜುವ ಫ್ಲಾಸ್ ದಾರದಿಂದ ಹೊಲಿದರೆ ಅಷ್ಟು ಬೇಗ ಕಿತ್ತುಬರುವುದಿಲ್ಲ.

ಅರ್ಜಿಯ ಇನ್ನೊಂದು ಅರ್ಧದ ಬಗ್ಗೆಯೂ ನೀವು ತಿಳಿದಿರಬೇಕು. ಇಂಥ ತಂಡಗಳು ವಿಡಿಯೊದ ಜೊತೆಗೆ ವಿದ್ಯಾರ್ಥಿಯ ವಿಶ್ವಾಸದ ಸಾಕ್ಷ್ಯವನ್ನು ಬರೆದು ಕೊಡಲು, ಸಭಾಪಾಲಕರಿಂದ ಅಥವಾ ಧರ್ಮಗುರುಗಳಿಂದ ಶಿಫಾರಸು ಪತ್ರವನ್ನು ತರಲು ಕೇಳುವುದು ವಾಡಿಕೆ. ಆ ಸಾಕ್ಷ್ಯವನ್ನು ನೀವು ಬರೆದುಕೊಡಬೇಡಿ, ಬೇರೆಯವರದನ್ನು ನೋಡಿ ನಕಲು ಮಾಡಲೂ ಬಿಡಬೇಡಿ. ಹದಿನೇಳರ ಹುಡುಗಿ ತನಗೆ ದೇವರು ಯಾಕೆ ಬೇಕೆಂದು ತನ್ನ ಮಾತಿನಲ್ಲಿ ಒಂದು ಪುಟ ಬರೆದರೆ ಸಾಕು. ಇನ್ನು, ಇವುಗಳಲ್ಲಿ ಅನೇಕವು ಇವ್ಯಾಂಜೆಲಿಕಲ್ (ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟ್) ಹಿನ್ನೆಲೆಯವು. ಕುಲಶೇಖರದ ನಿಮ್ಮ ಮನೆ ಕಥೋಲಿಕವಾಗಿದ್ದರೆ, ಅವರು ಪ್ರಕಟಿಸುವ ವಿಶ್ವಾಸದ ಹೇಳಿಕೆಯನ್ನು ಮಗಳೊಂದಿಗೆ ಕುಳಿತು ಸಾಲು ಸಾಲಾಗಿ ಓದಿ, ಅದಕ್ಕೆ ಸಹಿ ಹಾಕಲು ಅವಳ ಮನಸ್ಸು ಒಪ್ಪುತ್ತದೆಯೇ ಎಂದು ಈಗಲೇ ಕೇಳಿ. ಮ್ಯಾಗ್ನಿಫಿಕಾಟ್ ಎಂಬ ಪದ ಮರಿಯಮ್ಮನವರ ಸ್ತುತಿಗೀತೆಯ ಲ್ಯಾಟಿನ್ ಮೊದಲ ಪದ, ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಜನ್ಮದಿನದ ಹಬ್ಬಕ್ಕೆ) ಹೂ ಕೊಯ್ಯುತ್ತ ಬೆಳೆದ ಮಗುವಿಗೆ ಅದು ಪರಕೀಯವೆನಿಸದು. ಆದರೂ ಹೆಸರಿನ ಪರಿಚಯ ಬೇರೆ, ದಿನನಿತ್ಯದ ಪ್ರಾರ್ಥನಾ ಪದ್ಧತಿ ಬೇರೆ.

ಹಣದ ವಿಷಯದಲ್ಲಿ ಭ್ರಮೆ ಬೇಡ. ತರಬೇತಿ ಹಂತದಲ್ಲಿ ಸಂಬಳ ಸಿಗುತ್ತದೆಂದು ಎಣಿಸಬೇಡಿ, ಶುಲ್ಕ ಕೊಡಬೇಕಾಗುತ್ತದೆ, ಊಟ ಮತ್ತು ವಸತಿಯ ಖರ್ಚು ಬೇರೆ. ಪ್ರವಾಸಿ ವೀಸಾದಲ್ಲಿ ಹೋಗಿ ಪೂರ್ಣಾವಧಿ ತರಬೇತಿಗೆ ಸೇರುವಂತಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರ ಕೊಡುವ ಮಾನ್ಯತೆ ಸಂಸ್ಥೆಗೆ ಇದೆಯೇ ಎಂಬುದನ್ನು ವಿಡಿಯೊ ಕಳುಹಿಸುವ ಮೊದಲೇ ಇಮೇಲ್ ಬರೆದು ಕೇಳಿ. ಜೊತೆಗೆ ಪಿಯುಸಿ ಪರೀಕ್ಷೆಯನ್ನು ಮುಗಿಸಲಿ.

ಪ್ರಶ್ನೆ: ನನಗೆ ಇಪ್ಪತ್ತೊಂದು ವರ್ಷ. ಬ್ಯಾಲೆ ಆರಂಭಿಸಿ ಒಂದೂವರೆ ವರ್ಷವಾಯಿತು. ಗಂಡು ಹುಡುಗ ಹೀಗೆ ಕುಣಿಯುವುದು ಆರಾಧನೆಗೆ ಶೋಭಿಸುವುದಿಲ್ಲ ಎಂದು ನಮ್ಮ ಸಭೆಯ ಹಿರಿಯರು ಹೇಳುತ್ತಾರೆ. ನನ್ನ ವಯಸ್ಸೂ ಮೀರಿತೇ?
— ಓರ್ವ ಯುವಕ, ಉಡುಪಿ

ಉತ್ತರ: ವಯಸ್ಸು ತಡವಾಗಿದೆ, ಮೀರಿಲ್ಲ. ಹುಡುಗರಿಗೆ ಪಾಯಿಂಟ್ ಶೂವಿನ ಪಾಠ ಸಾಮಾನ್ಯವಾಗಿ ಇರುವುದಿಲ್ಲ, ಬಹಳಷ್ಟು ತಂಡಗಳಲ್ಲಿ ಗಂಡು ನರ್ತಕರ ಕೊರತೆಯೂ ಇದೆ. ಆದರೆ ನಿಮ್ಮಿಂದ ಜಿಗಿತ, ಗಾಳಿಯಲ್ಲಿನ ತಿರುವು ಮತ್ತು ಜೊತೆಗಾರ್ತಿಯನ್ನು ಎತ್ತುವ ಬಲವನ್ನು ನಿರೀಕ್ಷಿಸುತ್ತಾರೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮವನ್ನು ಈಗಿನಿಂದಲೇ ವಾರಕ್ಕೆ ಮೂರು ದಿನ ಮಾಡಿ. ತರಬೇತಿಯಿಲ್ಲದ ಗೆಳತಿಯನ್ನು ಎತ್ತುವ ಪ್ರಯೋಗವನ್ನು ಮಾತ್ರ ಮಾಡಬೇಡಿ.

ಹಿರಿಯರ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಕಾಲದಿಂದಲೂ ಈ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳ ಆರಾಧನೆಯು ವಾಕ್ಯ ಮತ್ತು ಸಂಗೀತದ ಸುತ್ತ ಬೆಳೆದದ್ದು, ಅದರಲ್ಲಿ ನೃತ್ಯಕ್ಕೆ ರೂಢಿಯಾದ ಜಾಗವಿಲ್ಲ. ಆದರೆ ಬೈಬಲಿನಲ್ಲಿ ದೇವರ ಮಂಜೂಷದ (ಒಡಂಬಡಿಕೆಯ ಪವಿತ್ರ ಪೆಟ್ಟಿಗೆಯ) ಮುಂದೆ ತನ್ನ ಶಕ್ತಿಯನ್ನೆಲ್ಲ ಹಾಕಿ ಕುಣಿದ ದಾವೀದನು ಗಂಡಸೇ ಆಗಿದ್ದನು, ಅರಸನೂ ಆಗಿದ್ದನು. ಸಮುವೇಲನ ಎರಡನೆಯ ಪುಸ್ತಕದ ಆರನೆಯ ಅಧ್ಯಾಯವನ್ನು ಹಿರಿಯರೊಂದಿಗೆ ಕುಳಿತು ಓದುವುದರಲ್ಲಿ ಅವಿಧೇಯತೆ ಏನೂ ಇಲ್ಲ. ವಾದ ಮಾಡಲು ಹೋಗಬೇಡಿ. ಭಾನುವಾರದ ಆರಾಧನೆಯೊಳಗೆ ಅವಕಾಶ ಕೊಡಿ ಎಂದು ಕೇಳುವ ಬದಲು, ಯುವಜನ ಕೂಟದಲ್ಲಿ ಅಥವಾ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಮೂರು ನಿಮಿಷದ ಒಂದು ಕೀರ್ತನೆಯನ್ನು, ಸಡಿಲ ಅಂಗಿ ಮತ್ತು ಪೂರ್ಣ ಪ್ಯಾಂಟಿನಲ್ಲಿ, ಅವರ ಒಪ್ಪಿಗೆ ಪಡೆದು ಮಾಡಿ ತೋರಿಸಿ. ನಾಳೆ ನಿಮ್ಮ ಅರ್ಜಿಗೆ ಶಿಫಾರಸು ಪತ್ರ ಬರೆಯಬೇಕಾದವರು ಇದೇ ಸಭಾಪಾಲಕರು ಎಂಬುದೂ ನೆನಪಿರಲಿ.

ಪ್ರಶ್ನೆ: ನನ್ನ ಶಿಷ್ಯೆಯೊಬ್ಬಳು ಕ್ರೈಸ್ತ ಬ್ಯಾಲೆ ತರಬೇತಿಗೆ ಸಿದ್ಧಳಾಗುತ್ತಿದ್ದಾಳೆ. ಭರತನಾಟ್ಯವನ್ನು ಪೂರ್ತಿ ಬಿಟ್ಟುಬಿಡಲು ಅವಳಿಗೆ ಯಾರೋ ಹೇಳಿದ್ದಾರಂತೆ. ಬಿಡಬೇಕೇ?
— ನೃತ್ಯ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಬಿಡಬೇಕಾಗಿಲ್ಲ. ಆಡಿಷನ್‌ಗೆ ಮುಂಚಿನ ಮೂರು ತಿಂಗಳು ತಟ್ಟಡವು, ಕುದಿತ್ತಮೆಟ್ಟು ಮೊದಲಾದ ಬಲವಾಗಿ ತಟ್ಟುವ ಅಡವುಗಳನ್ನು ಕಡಿಮೆ ಮಾಡಿಸಿ, ಏಕೆಂದರೆ ಒಂದೇ ದಿನ ಹಿಮ್ಮಡಿ ತಟ್ಟಿ, ಅದೇ ಸಂಜೆ ಕಾಲ್ಬೆರಳ ತುದಿಯಲ್ಲಿ ನಿಂತರೆ ಪಾದ ದಣಿಯುತ್ತದೆ. ಅಭಿನಯವನ್ನು ಮಾತ್ರ ಒಂದು ದಿನವೂ ನಿಲ್ಲಿಸಬೇಡಿ. ಪಾದ್ರಿಯಾಗಿದ್ದು ಭರತನಾಟ್ಯವನ್ನು ಕಲಿತ ಫ್ರಾನ್ಸಿಸ್ ಬಾರ್ಬೋಜಾ ಅವರು ಕ್ರೈಸ್ತ ವಿಷಯಗಳಿಗಾಗಿಯೇ ಹೊಸ ಹಸ್ತಗಳನ್ನು (ಕೈ ಮುದ್ರೆಗಳನ್ನು) ರೂಪಿಸಿದರು; ತಿರುಚಿರಾಪಳ್ಳಿಯ ಕಲೈ ಕಾವೇರಿ ಸಂಸ್ಥೆಯಲ್ಲಿ ಧರ್ಮಸಭೆಯ ಆಶ್ರಯದಲ್ಲೇ ಶಾಸ್ತ್ರೀಯ ನೃತ್ಯವನ್ನು ಕಲಿಸಲಾಗುತ್ತಿದೆ. ಈ ಪರಂಪರೆಯನ್ನು ಅವಳು ತಿಳಿದಿರಬೇಕು. ಅನೇಕ ಆಡಿಷನ್‌ಗಳಲ್ಲಿ ಸ್ವಂತ ಆಯ್ಕೆಯ ಒಂದು ಸಣ್ಣ ನೃತ್ಯವನ್ನು ಕೇಳುವುದುಂಟು. ಅಲ್ಲಿ ಅವಳು, ಬ್ಯಾಲೆಯ ವಿಡಿಯೊದ ಜೊತೆಗೆ ಬೇರೆಯೇ ತುಣುಕಾಗಿ, ಒಂದು ಕೀರ್ತನೆಗೆ ನೀವೇ ಕಲಿಸಿದ ಎರಡು ನಿಮಿಷದ ಅಭಿನಯವನ್ನು ಕಳುಹಿಸಲಿ, ಕಾಲ್ಗೆಜ್ಜೆ ಕಟ್ಟಿಕೊಂಡೇ.