ಕಾಂಟ್ರಾಕ್ಟರ್ ಬದಲಾದರೆ ನಮ್ಮ ಏಳು ವರ್ಷ ಎಲ್ಲಿ ಹೋಯಿತು?

ಕೊಪ್ಪಳ ಜಿಲ್ಲೆಯ ಗಿಣಿಗೇರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಎಂಟು ತಿಂಗಳಿಂದ ಗುತ್ತಿಗೆ ಕೆಲಸ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ. ಡ್ಯೂಟಿ ಹನ್ನೆರಡು ಗಂಟೆ, ಎಂಟು ಗಂಟೆ ಮೀರಿದ ಹೊತ್ತಿಗೆ ಸಿಂಗಲ್ ದರ. ಪಗಾರ ಒಮ್ಮೆ ಹದಿನೈದಕ್ಕೆ, ಒಮ್ಮೆ ಇಪ್ಪತ್ತಕ್ಕೆ. ಪಿಎಫ್ ಮುರಿದುಕೊಳ್ಳುತ್ತಾರೆ, ಕಟ್ಟುತ್ತಾರೋ ಇಲ್ಲವೋ ತಿಳಿಯದು. ಈ ನಡುವೆ ಮೂವರು ಕಾಂಟ್ರಾಕ್ಟರ್‌ಗಳು ಬದಲಾಗಿದ್ದಾರೆ. ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಬರುವ ಇಡುಗಂಟು, ಕೇಳಿದರೆ ಈಗಿನವರು, ‘ನೀನು ನನ್ನ ಹತ್ತಿರ ಬಂದು ಮೂರು ವರ್ಷವೂ ಆಗಿಲ್ಲವಲ್ಲ’ ಎನ್ನುತ್ತಾರೆ. ಅವರು ಬಂದ ದಿನ ಎಲ್ಲರಿಂದಲೂ ಒಂದೊಂದು ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರೆ. ಹೋದ ತಿಂಗಳು ಜೊತೆಗಾರನೊಬ್ಬನ ಕೈ ಸುಟ್ಟಾಗ ಖಾಸಗಿ ದವಾಖಾನೆಗೆ ಸೇರಿಸಿ, ‘ಮನೆಯಲ್ಲಿ ಆಯಿತು ಅನ್ನು’ ಎಂದು ಹೇಳಿಕೊಟ್ಟಿದ್ದಾರೆ. ಪತ್ರದ ಕೊನೆಯಲ್ಲಿ, ಮರೆತು ನೆನಪಾದಂತೆ, ಹೆಂಡತಿಯ ವಿಷಯ: ಕೊಪ್ಪಳದ ಬಟ್ಟೆ ಅಂಗಡಿಯಲ್ಲಿ ಕೆಲಸ, ಈಗ ಆರು ತಿಂಗಳ ಗರ್ಭಿಣಿ, ‘ಮುಂದಿನ ತಿಂಗಳಿಂದ ಬರಬೇಡ’ ಎಂದು ಮಾಲೀಕರು ಹೇಳಿದ್ದಾರೆ.

ಪತ್ರದ ಜೊತೆ ಮೂರು ಗೇಟ್ ಪಾಸ್‌ಗಳೂ ಬಂದಿವೆ. ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೂರರಲ್ಲೂ ಅದೇ ಪಾಸ್‌ಪೋರ್ಟ್ ಅಳತೆಯ ಫೋಟೊ, ಅದೇ ಚೌಕಳಿ ಅಂಗಿ. ವಿಭಾಗದ ಹೆಸರೂ ಅದೇ. ಮೊದಲನೆಯದರ ಪ್ಲಾಸ್ಟಿಕ್ಕಿನೊಳಗೆ ಕರಿಮಸಿ ಇಳಿದು ಗಲ್ಲದ ಭಾಗ ಮಾಸಿದೆ. ಮೂರರಲ್ಲಿ ಬೇರೆಯಾಗಿರುವುದು ಕಾಂಟ್ರಾಕ್ಟರ್‌ನ ಹೆಸರೊಂದೇ.

ನೀವು ಎಂಟು ಪ್ರಶ್ನೆ ಕೇಳಿದ್ದೀರಿ. ನನಗೆ ಕಾಣುವಂತೆ ಅವೆಲ್ಲದರ ಕೆಳಗೆ ಇರುವುದು ಒಂದೇ ಪ್ರಶ್ನೆ: ನಿಮ್ಮ ಮಾಲೀಕ ಯಾರು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನಮ್ಮ ಭಾಗದ ಕಾರ್ಖಾನೆ ಗೇಟುಗಳಲ್ಲಿ ದಿನವೂ ನಿಜವಾಗುತ್ತದೆ. ಕಂಪನಿಯವರನ್ನು ಕೇಳಿದರೆ ಕಾಂಟ್ರಾಕ್ಟರ್ ಕಡೆ ಕೈ ತೋರಿಸುತ್ತಾರೆ, ಕಾಂಟ್ರಾಕ್ಟರ್‌ನನ್ನು ಕೇಳಿದರೆ ‘ಕಂಪನಿ ಬಿಲ್ ಪಾಸ್ ಮಾಡಿಲ್ಲ’ ಎನ್ನುತ್ತಾನೆ. ಕಾನೂನು ಈ ಆಟವನ್ನು ಒಪ್ಪುವುದಿಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮುಖ್ಯ ಮಾಲೀಕ, ಅಂದರೆ ಕಾರ್ಖಾನೆ, ತಾನು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಇದು ಇತ್ತು, ಈಗಿನ ಸಂಹಿತೆಯಲ್ಲೂ ಇದೆ. ಪಿಎಫ್‌ಗೂ ಇದೇ ಮಾತು. ಆದ್ದರಿಂದ ಇನ್ನು ಮುಂದೆ ಏನೇ ಅರ್ಜಿ ಬರೆದರೂ ಇಬ್ಬರ ಹೆಸರಿಗೂ ಬರೆಯಿರಿ.

‘ಸಂಹಿತೆ’ ಎಂದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಕನಿಷ್ಠ ವೇತನ, ಗ್ರಾಚುಟಿ, ಬೋನಸ್, ಕಾರ್ಖಾನೆ ಕಾಯ್ದೆ ಮೊದಲಾದ 29 ಹಳೆಯ ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ‘ಹಳೆಯ ಕಾನೂನು ಹೋಯಿತು, ಹೊಸದು ಇನ್ನೂ ಬಂದಿಲ್ಲ’ ಎಂದು ಯಾರಾದರೂ ನಿಮ್ಮನ್ನು ಮರಳಿ ಕಳಿಸಿದರೆ ನಂಬಬೇಡಿ. ಹೊಸ ನಿಯಮಗಳು ಬರುವವರೆಗೆ ಹಳೆಯ ನಿಯಮಗಳ ವ್ಯವಸ್ಥೆ ಮುಂದುವರಿಯುತ್ತದೆ, ನಡುವೆ ಖಾಲಿ ಜಾಗವೇನೂ ಇಲ್ಲ. ಹೊಸದರಲ್ಲಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವುದು ನೇಮಕಾತಿ ಪತ್ರ. ಪ್ರತಿಯೊಬ್ಬ ಕೆಲಸಗಾರನಿಗೂ ಅದನ್ನು ಕೊಡುವುದು ಈಗ ಕಡ್ಡಾಯ. ಅದನ್ನು ಕೇಳುವುದರಿಂದಲೇ ಶುರು ಮಾಡಿ.

ಹನ್ನೆರಡು ಗಂಟೆಯ ಲೆಕ್ಕವನ್ನು ಕಾಗದದ ಮೇಲೆ ಮಾಡೋಣ. 15,600ನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 600. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75. ಹೆಚ್ಚುವರಿ ದುಡಿಮೆಗೆ ದರ ಎರಡು ಪಟ್ಟು, ಅಂದರೆ ಗಂಟೆಗೆ 150. ನಾಲ್ಕು ಗಂಟೆಗೆ ಎಷ್ಟಾಯಿತು? 600. ಹನ್ನೆರಡು ಗಂಟೆ ದುಡಿದ ದಿನ ನಿಮಗೆ ಬರಬೇಕಾದದ್ದು ಪೂರ್ತಿ ಎರಡು ದಿನದ ಕೂಲಿ, ಬರುತ್ತಿರುವುದು ಒಂದೂವರೆ ದಿನದ್ದು. ದಿನಕ್ಕೆ 300 ಖೋತಾ ಆದರೆ 26 ದಿನಕ್ಕೆ 7,800, ಅಂದರೆ ಸರಿಯಾಗಿ ನಿಮ್ಮ ಅರ್ಧ ಪಗಾರ. ನಾನು ಈ ಗುಣಾಕಾರವನ್ನು ಎರಡು ಸಲ ಮಾಡಿ ನೋಡಿದೆ, ನಂಬಿಕೆ ಬರಲಿಲ್ಲ. ವಾರಕ್ಕೆ 48 ಗಂಟೆ ಎಂಬ ಮಿತಿ ಇರುವಾಗ ದಿನವೂ ಹೀಗೆ ದುಡಿಸುವುದೇ ತಪ್ಪು ಎಂಬುದು ಬೇರೆ ಮಾತು. ‘ಅವರೇ ಒಪ್ಪಿ ಮಾಡಿದ್ದಾರೆ’ ಎಂಬ ಉತ್ತರ ಬಂದೇ ಬರುತ್ತದೆ. ಒಪ್ಪಿ ದುಡಿದಿದ್ದರೂ ದರ ಎರಡು ಪಟ್ಟೇ.

ಪಗಾರದ ತಾರೀಖಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬಾಕಿ ಕೇಳಲು ವೇತನ ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ. ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು ಒಂದೇ ವರ್ಷ. ನಿಮ್ಮ ಹಳೆಯ ಬಾಕಿಗೆ ಯಾವ ಗಡುವು ಎಂದು ಎದುರು ಪಕ್ಷದವರು ವಾದ ಹೂಡಬಹುದು, ಹಾಗಾಗಿ ಮುಂದಿನ ಹಬ್ಬಕ್ಕೆ, ಜಾತ್ರೆ ಮುಗಿಯಲಿ ಎಂದು ದೂಡಬೇಡಿ. ಇನ್ನೊಂದು ಮಾತನ್ನು ಅಡಿಗೆರೆ ಎಳೆದು ಓದಿ: ‘ನನಗೆ ಕೊಟ್ಟಿಲ್ಲ’ ಎಂದು ನೀವು ದೂರು ಕೊಟ್ಟಾಗ, ‘ಕೊಟ್ಟಿದ್ದೇನೆ’ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದು.

ಹೊಣೆ ಅವನದು ಎಂದಮೇಲೆ ಅವನಿಗೆ ಬೇಕಾಗುವುದು ನಿಮ್ಮ ಸಹಿ. ಅಲ್ಲಿಗೆ ಆ ಬಿಳಿ ಹಾಳೆಯ ಗುಟ್ಟು ತಿಳಿಯಿತಲ್ಲ? ಅದರ ಮೇಲೆ ನಾಳೆ ರಾಜೀನಾಮೆಯೂ ಮೂಡಬಹುದು, ‘ಲೆಕ್ಕ ಪೂರ್ತಿ ಚುಕ್ತಾ ಆಗಿದೆ’ ಎಂಬ ಒಕ್ಕಣೆಯೂ ಮೂಡಬಹುದು. ನಾನು ಮೂವತ್ತು ವರ್ಷದ ಹಿಂದೆ ಬಳ್ಳಾರಿಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಪ್ರತಿ ತಿಂಗಳೂ ವೋಚರ್‌ನ ಮೂಲೆಯಲ್ಲಿ ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಅದರ ಮೇಲೆ ಸಹಿ ಹಾಕಿಸುತ್ತಿದ್ದರು. ಮೊತ್ತದ ಜಾಗ ಖಾಲಿ ಇರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಊರವರ ಕಾಗುಣಿತದ ತಪ್ಪು ಹಿಡಿಯುತ್ತಿದ್ದ ನನಗೆ ಆ ಖಾಲಿ ಜಾಗ ಕಾಣಲಿಲ್ಲ. ಕೆಲಸ ಬಿಟ್ಟ ದಿನ ಅದರಲ್ಲಿ ಏನೇನು ತುಂಬಿದೆ ಎಂದು ತೋರಿಸಿದರು. ನಾನು ಕಂಡೇ ಇರದ ಅಂಕಿಗಳು, ಕೆಳಗೆ ನನ್ನದೇ ಸಹಿ.

ನೀವು ಮಾಡಬೇಕಾದದ್ದು ಇಷ್ಟು. ಇಂಥ ದಿನ, ಇಂಥ ಜಾಗದಲ್ಲಿ ನಮ್ಮಿಂದ ಖಾಲಿ ಹಾಳೆಗೆ ಸಹಿ ಪಡೆಯಲಾಗಿದೆ, ನಾವು ರಾಜೀನಾಮೆ ಕೊಟ್ಟಿಲ್ಲ, ಲೆಕ್ಕ ಚುಕ್ತಾ ಆಗಿಲ್ಲ ಎಂದು ಕನ್ನಡದಲ್ಲೇ ಒಂದು ಪುಟ ಬರೆದು ಕಂಪನಿಗೂ ಕಾಂಟ್ರಾಕ್ಟರ್‌ಗೂ ಕಾರ್ಮಿಕ ಅಧಿಕಾರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನೋಂದಾಯಿತ ಅಂಚೆ ಈಗ ಸ್ಪೀಡ್ ಪೋಸ್ಟ್‌ನೊಳಗೇ ಸೇರಿದೆ. ಅಂಚೆ ರಸೀದಿಯ ಅಕ್ಷರ ಆರು ತಿಂಗಳಲ್ಲಿ ಮಾಸುತ್ತದೆ, ಅದೇ ದಿನ ನೆರಳಚ್ಚು ಮಾಡಿಸಿಡಿ. ಆ ಹಾಳೆ ಹೊರಬರುವ ಮುಂಚೆ ನಿಮ್ಮ ಪತ್ರ ಹೋಗಿರಬೇಕು. ಆಮೇಲೆ ಹೋದರೆ ಅದಕ್ಕೆ ಅರ್ಧ ಬೆಲೆ.

ಪಿಎಫ್ ವಿಷಯಕ್ಕೆ ಯಾರ ಬಾಯಿಮಾತೂ ಬೇಡ. ಕಾಂಟ್ರಾಕ್ಟರ್ ಬದಲಾದರೂ ನಿಮ್ಮ ಯುಎಎನ್, ಅಂದರೆ ಪಿಎಫ್‌ನ ಕಾಯಂ ಸಂಖ್ಯೆ, ಒಂದೇ, ಅದರ ಕೆಳಗಿನ ಸದಸ್ಯ ಸಂಖ್ಯೆ ಮಾತ್ರ ಹೊಸದು. ಮೊಬೈಲ್‌ನಲ್ಲಿ ಸರ್ಕಾರದ ಉಮಂಗ್ ಆ್ಯಪ್ ತೆರೆದು ಮೂರೂ ಸದಸ್ಯ ಸಂಖ್ಯೆಗಳ ಪಾಸ್‌ಬುಕ್ ಇಳಿಸಿಕೊಳ್ಳಿ. ಒಂದು ತಿಂಗಳ ಹಣ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ನಿಮ್ಮ ಪಾಲು ಶೇ 12, ಮಾಲೀಕನದೂ ಅಷ್ಟೇ. ಅವನ ಪಾಲಿನಲ್ಲಿ ಶೇ 8.33 ಪಿಂಚಣಿ ಕಾಲಮಿಗೆ ಹೋಗುತ್ತದೆ, ವೇತನ ಮಿತಿ 15,000ಕ್ಕೆ ಅದು 1,250 ರೂಪಾಯಿ. ನಿಮ್ಮ ಪಗಾರದಲ್ಲಿ ಮಾಲೀಕನ ಪಾಲನ್ನೂ ಮುರಿಯುತ್ತಿದ್ದಾರೆಯೇ ನೋಡಿ, ಹಾಗೆ ಮಾಡುವವರಿದ್ದಾರೆ, ಅದು ಕಾನೂನುಬಾಹಿರ. ನಿಮ್ಮಿಂದ ಮುರಿದ ಹಣವನ್ನು ಕಟ್ಟದೆ ಇಟ್ಟುಕೊಳ್ಳುವುದು ಬಾಕಿ ಉಳಿಸಿಕೊಂಡಂತೆ ಅಲ್ಲ, ನಂಬಿಕೆ ದ್ರೋಹದ ಅಪರಾಧ. ಪಾಸ್‌ಬುಕ್‌ನಲ್ಲಿ ಯಾವ ತಿಂಗಳ ಸಾಲು ಇಲ್ಲವೋ ಅದರ ಪಕ್ಕದಲ್ಲಿ ಅದೇ ತಿಂಗಳ ಪಗಾರ ಚೀಟಿ ಇಟ್ಟರೆ ದೂರು ತಾನೇ ಸಿದ್ಧವಾಗುತ್ತದೆ.

ಈಗ ಗ್ರಾಚುಟಿ. ಇಲ್ಲಿ ಸಿಹಿ ಮಾತು ಹೇಳಿ ನಿಮ್ಮನ್ನು ಕಳಿಸಲಾರೆ. ವಾಟ್ಸ್‌ಆ್ಯಪ್‌ನಲ್ಲಿ ‘ಇನ್ನು ಒಂದೇ ವರ್ಷಕ್ಕೆ ಗ್ರಾಚುಟಿ’ ಎಂಬ ಸಂದೇಶ ನಿಮಗೂ ಬಂದಿದೆ ಎಂದು ಬರೆದಿದ್ದೀರಿ. ಅದು ಅರ್ಧ ಸತ್ಯ. ಒಂದು ವರ್ಷದ ಲೆಕ್ಕ, ಇಂತಿಷ್ಟು ಅವಧಿಗೆ ಎಂದು ಲಿಖಿತ ಒಪ್ಪಂದದ ಮೇಲೆ ನೇರವಾಗಿ ನೇಮಕವಾದವರಿಗೆ. ನಿಮ್ಮಂಥವರಿಗೆ ಐದು ವರ್ಷವೇ. ಏಳು ವರ್ಷ ಎಂಟು ತಿಂಗಳು ಒಂದೇ ಸೇವೆಯಾದರೆ, ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸಿ, ಎಂಟು ವರ್ಷ. ವರ್ಷಕ್ಕೆ 15 ದಿನದ ವೇತನ, ತಿಂಗಳನ್ನು 26 ದಿನವೆಂದು ಹಿಡಿದು: 600 ಗುಣಿಲೆ 15, ಅಂದರೆ 9,000. ಎಂಟು ವರ್ಷಕ್ಕೆ 72,000. ಮೂವರು ಕಾಂಟ್ರಾಕ್ಟರ್‌ಗಳ ನಡುವೆ ತುಂಡರಿಸಿದರೆ ಸೊನ್ನೆ, ಏಕೆಂದರೆ ಯಾರ ಬಳಿಯೂ ಐದು ತುಂಬಿಲ್ಲ. ಕಾಂಟ್ರಾಕ್ಟರ್‌ಗಳು ಐದು ವರ್ಷ ತುಂಬುವ ಮುಂಚೆಯೇ ಬದಲಾಗುವುದು ಕಾಕತಾಳೀಯವೇ ಎಂದು ನೀವು ಕೇಳಿದ್ದೀರಿ. ನನ್ನ ಅನುಮಾನವೂ ನಿಮ್ಮದೇ.

ತುಂಡುಗಳನ್ನು ಜೋಡಿಸುವ ದಾರಿ ಒಂದಿದೆ. ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2001ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಂಪನಿಯ ನೌಕರರಾಗುವುದಿಲ್ಲ. ಆದರೆ ಗುತ್ತಿಗೆ ಎನ್ನುವುದು ಬರೀ ಕಾಗದದ ಪರದೆ ಎಂದು ಸಾಬೀತಾದರೆ ಅವರು ಕಂಪನಿಯ ನೌಕರರೇ. ಕೆಲಸ ಹೇಳುವವರು ಯಾರು, ರಜೆ ಕೊಡುವವರು ಯಾರು, ತಪ್ಪಾದರೆ ಗದರಿಸುವವರು ಯಾರು? ಕಂಪನಿಯ ಶಿಫ್ಟ್ ಇಂಜಿನಿಯರ್ ಎಂದು ನೀವು ಬರೆದಿದ್ದೀರಿ. ಅದೇ ಸಾಕ್ಷ್ಯದ ಬೇರು. ಆದರೆ ಇದು ಒಬ್ಬರ ಗ್ರಾಚುಟಿ ಅರ್ಜಿಯಲ್ಲಿ ಇತ್ಯರ್ಥವಾಗುವ ವಿಷಯವಲ್ಲ. ಜೊತೆಯವರೆಲ್ಲ ಸೇರಿ, ಸಾಧ್ಯವಾದರೆ ಸಂಘದ ಮೂಲಕ, ಕೈಗಾರಿಕಾ ವಿವಾದವೆಂದು ಎತ್ತಬೇಕು. ವರ್ಷಗಳು ಹಿಡಿಯುತ್ತವೆ. ಹನ್ನೆರಡು ಗಂಟೆಯ ದೂರನ್ನೂ ಪಿಎಫ್ ದೂರನ್ನೂ ಇದರ ಜೊತೆ ಕಟ್ಟಿಹಾಕಬೇಡಿ, ಅವು ಬೇಗ ಓಡುವ ಎತ್ತುಗಳು.

ಕೊಪ್ಪಳದ ಕಾರ್ಖಾನೆಯವರು ಹೋಗಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗೆ. ಸಂಡೂರಿನ ಅದಿರು ಗಣಿಯವರೂ ಹಟ್ಟಿಯ ಚಿನ್ನದ ಗಣಿಯವರೂ ಇದನ್ನು ಓದುತ್ತಿದ್ದರೆ ಅವರ ಬಾಗಿಲು ಬೇರೆ: ಗಣಿ ಯಾರದೇ ಆಗಿರಲಿ, ಅದು ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿಗಳ ವ್ಯಾಪ್ತಿ. ತಪ್ಪು ಬಾಗಿಲು ತಟ್ಟಿ ವರ್ಷ ಕಳೆದವರ ಪತ್ರಗಳು ನಮ್ಮಲ್ಲಿ ಒಂದು ಕಡತದಷ್ಟಿವೆ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ.

ಕೈ ಸುಟ್ಟ ಗೆಳೆಯನಿಗೆ ಇದನ್ನು ಇಂದೇ ಹೇಳಿ. ‘ಮನೆಯಲ್ಲಿ ಆಯಿತು’ ಎಂದು ದವಾಖಾನೆಯ ಚೀಟಿಯಲ್ಲಿ ಬರೆದರೆ ಅವನ ಹಕ್ಕೂ ಮನೆಯಲ್ಲೇ ಉಳಿಯುತ್ತದೆ. ಪಗಾರ 21,000ದೊಳಗಿದ್ದರೆ ಅವನು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತಾನೆ. ಕೆಲಸದಲ್ಲಿ ಆದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ನಿಯಮವಿಲ್ಲ, ಸೇರಿದ ಮೊದಲ ದಿನವೇ ಆದರೂ ಸರಿ. ದುಡಿಯಲಾಗದಷ್ಟು ಕಾಲ ವೇತನದ ಶೇ 90ರಷ್ಟು ಸಿಗುತ್ತದೆ. ಬೆರಳುಗಳು ಮೊದಲಿನಂತೆ ಮಡಚದಿದ್ದರೆ ಶಾಶ್ವತ ಊನದ ಲೆಕ್ಕ ಬೇರೆ. ಕಾಂಟ್ರಾಕ್ಟರ್ ಕೊಟ್ಟ ಐದು ಸಾವಿರ ಇದರ ಮುಂದೆ ಚಹಾ ಕಾಸು.

ನಿಮ್ಮ ಹೆಂಡತಿಯವರ ಅಂಗಡಿಯಲ್ಲಿ ಹನ್ನೆರಡು ಮಂದಿ ಇದ್ದಾರೆ ಎಂದಿದ್ದೀರಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದರೆ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರದ ಸಂಬಳ ಸಹಿತ ರಜೆ. ಗರ್ಭಿಣಿ ಎಂಬ ಕಾರಣಕ್ಕೆ ಬಿಡಿಸಿದರೂ ಆ ಹಣ ತಪ್ಪುವುದಿಲ್ಲ. ಆದರೆ ಜಗಳದಿಂದ ಶುರು ಮಾಡಬೇಡಿ. ಆರು ತಿಂಗಳ ಸಂಬಳ ಕೈಯಿಂದ ಹೋಗುತ್ತದೆ ಎಂಬ ಹೆದರಿಕೆ ಆ ಮಾಲೀಕರಿಗೆ ಇದ್ದಿರಬಹುದು. ಅಂಗಡಿ ಇಎಸ್‌ಐಗೆ ನೋಂದಾಯಿಸಿ ವಂತಿಗೆ ಸರಿಯಾಗಿ ಕಟ್ಟಿದ್ದರೆ ಆ ಹಣವನ್ನು ಕೊಡುವುದು ಇಎಸ್‌ಐ ನಿಗಮ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲ. ಇದನ್ನು ಅವರಿಗೆ ಸಮಾಧಾನವಾಗಿ ಹೇಳಿ ನೋಡಿ. ನೋಂದಾಯಿಸಿಯೇ ಇಲ್ಲ ಎಂದು ಗೊತ್ತಾದರೆ ಆಗ ಸಮಾಧಾನ ಬಿಡಬಹುದು.

ನವೆಂಬರ್ 1ರಂದು ಗೇಟಿನ ಮುಂದೆ ಧ್ವಜ ಹಾರಿಸಿ, ಲಾಡು ಹಂಚಿ, ಆಮೇಲೆ ಮಾಮೂಲು ದರಕ್ಕೆ ದುಡಿಸಿದ್ದನ್ನು ಬರೆದಿದ್ದೀರಿ. 1963ರ ಕರ್ನಾಟಕದ ಹಬ್ಬದ ರಜಾ ಕಾಯ್ದೆಯಡಿ ರಾಜ್ಯೋತ್ಸವ ಸಂಬಳ ಸಹಿತ ರಜೆ. ಅಂದು ದುಡಿಸಿದರೆ ಎರಡು ಪಟ್ಟು ವೇತನ, ಇಲ್ಲವೇ ವೇತನದ ಜೊತೆಗೆ ಬದಲಿ ರಜೆ. ಲಾಡು ಇದರಲ್ಲಿ ಲೆಕ್ಕಕ್ಕಿಲ್ಲ.

ಮೂರೂ ಗೇಟ್ ಪಾಸ್‌ಗಳನ್ನು ಇದೇ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ನೆರಳಚ್ಚು ಕಳಿಸಿದ್ದರೆ ಸಾಕಿತ್ತು. ಕಾರ್ಮಿಕ ಅಧಿಕಾರಿ ಕೇಳಿದರೂ ಮೂಲವನ್ನು ತೋರಿಸಿ ವಾಪಸ್ ಪಡೆಯಿರಿ, ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಪತ್ರಿಕೆಯವರು ಕೇಳಿದರೂ ಅಷ್ಟೇ.