ಬಾಗಿಲು ಕಾಣದ ಇಗರ್ಜಿ

ಡಚ್ ಚಿತ್ರಕಾರ ವ್ಯಾನ್ ಗೋ ಬಿಡಿಸಿದ, ಫ್ರಾನ್ಸಿನ ಓವೇರ್ ಹಳ್ಳಿಯ ಚರ್ಚಿನ ಚಿತ್ರದಲ್ಲಿ ಬಾಗಿಲೇ ಇಲ್ಲ, ಇದು ಸಾವಿನ ಮುನ್ಸೂಚನೆಯಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರು ನೋಡಿದ್ದು ಚರ್ಚಿನ ಹಿಂಬದಿಯಿಂದ, ಅಲ್ಲಿಂದ ಬಾಗಿಲು ಕಾಣುವುದಿಲ್ಲ. ಬಿಡಿಸಿದ್ದು 1890ರ ಜೂನ್‌ನಲ್ಲಿ, ತೀರಿಕೊಂಡದ್ದು ಜುಲೈ 29ಕ್ಕೆ. ಆ ದಿನಾಂಕ ಗೊತ್ತಿರುವುದರಿಂದಲೇ ನಾವು ಎಲ್ಲದರಲ್ಲೂ ಸಾವು ಹುಡುಕುತ್ತೇವೆ, ಅಲ್ವಾ?

ಬಣ್ಣ ನೋಡಿ. ವ್ಯಾನ್ ಗೋ ತಮ್ಮ ತಂಗಿಗೆ ಬರೆದ ಪತ್ರದಲ್ಲಿ ಈ ಚಿತ್ರದ ಬಗ್ಗೆ ಇರುವುದು ಜಾಸ್ತಿ ಬಣ್ಣದ ಮಾತೇ: ನೇರಳೆ ಛಾಯೆಯ ಕಟ್ಟಡ, ಅಚ್ಚ ಕೋಬಾಲ್ಟ್ ನೀಲಿ ಆಕಾಶ, ಗುಲಾಬಿ ಬಿಸಿಲು ಬಿದ್ದ ಮರಳು. ದುಗುಡ ಇರುವುದೂ ನಿಜ. ದಾರಿಗೆ ಬಿಸಿಲಿದೆ, ಚರ್ಚು ಮಾತ್ರ ನೆರಳಲ್ಲಿ. ಚಾವಣಿಯ ಗೆರೆಗಳು ನೆಟ್ಟಗಿಲ್ಲ, ಅಲೆಯ ಹಾಗೆ ಬಾಗಿವೆ. ನಮ್ಮ ಕುಂಬಳೆ ಕಡೆ ಮಳೆ ಕವಿಯುವ ಮೊದಲು ಹೀಗೇ. ಕಾಲಡಿಯ ಹುಲ್ಲು ಹೊಳೆಯುತ್ತದೆ, ಬೇಳದ ಇಗರ್ಜಿಯ ಹಿಂದೆ ಮುಗಿಲು ಕಡು ನೀಲಿ. ಹೆದರಿಕೆ ಅಲ್ಲ, ಆದರೂ ಎದೆ ಬಿಗಿಯಾಗುತ್ತದೆ.

ಎಡಗಡೆ ದಾರಿಯಲ್ಲಿ ಬೆನ್ನು ಹಾಕಿ ಹೋಗುವ ಹೆಂಗಸನ್ನು ಸುಮ್ನೆ ಬೆರಳಿಂದ ಮುಚ್ಚಿ ನೋಡಿ. ಚಿತ್ರ ಒಮ್ಮೆಲೇ ಬಿಕೋ ಅನ್ನುತ್ತದೆ. ಬೆರಳು ತೆಗೆದರೆ ಅವಳ ಜೊತೆ ನಾವೂ ನಡೆಯುತ್ತೇವೆ.